ಬೂದಿ ಮುಚ್ಚಿದವರು ಯಾರು?

ಬೆಂಕಿ, ಕಿಚ್ಚು, ಕೆಂಡ. ಈ ಮೂರು ಮಾತಿಲ್ಲದೆ ನಾವು ಬರೆದ ಪದ್ಯ ಕಡಿಮೆ. ಹಿಂದಿನ ತಲೆಮಾರಿನ ಬಂಡಾಯದ ಕವಿಗಳಿಂದ ನಮಗೆ ಬಳುವಳಿಯಾಗಿ ಬಂದ ಮಾತುಗಳಿವು. ಒಂದು ಅಂಬೇಡ್ಕರ್ ಜಯಂತಿಯ ಸಂಜೆ, ಮಾರಿಕುಪ್ಪಂನ ಲೈನೊಂದರಲ್ಲಿ, ಅಜ್ಜಿಯ ಮನೆ ಮುಂದೆ ನಾವು ಮೂವರು ಗೆಳೆಯರು ಪದ್ಯ ಓದಿದೆವು. ಮೂವರ ಮನೆಯಲ್ಲೂ ಡಿಗ್ರಿ ಮುಟ್ಟಿದವರು ನಾವೇ ಮೊದಲು. ಆ ಜಂಬವೂ ದನಿಯಲ್ಲಿತ್ತು. ಎದೆಯ ಕೆಂಡ, ಒಡಲ ಕೆಂಡ, ಬೂದಿ ಮುಚ್ಚಿದ ಕೆಂಡ ಅಂತ ಕೂಗಿ ಕೂತೆವು. ಜನ ಚಪ್ಪಾಳೆ ಹೊಡೆದರು. ಅಜ್ಜಿ ಮಾತ್ರ ಎಲೆಗೆ ಸುಣ್ಣ ಸವರುತ್ತಾ ಕೇಳಿದಳು: "ಏನ್ರಪ್ಪಾ, ಕೆಂಡ ಕೆಂಡ ಅಂತೀರಲ್ಲ, ಅದ್ಯಾವ ಸೌದೆ ಕೆಂಡ? ಜಾಲೀದಾ, ಹುಣಸೇದಾ? ಬೂದಿ ಮುಚ್ಚಿದ್ದು ಯಾರು?"

ನಮ್ಮಲ್ಲಿ ಉತ್ತರ ಇರಲಿಲ್ಲ. ನಗಾಡಿದೆವು. ಆದರೆ ರಾತ್ರಿ ಬಂಗಾರಪೇಟೆಗೆ ವಾಪಸು ಬರುವ ರೈಲಿನಲ್ಲಿ ಆ ಪ್ರಶ್ನೆ ನಮ್ಮ ಜತೆಯಲ್ಲೇ ಕೂತಿತ್ತು. ಒಲೆ ಮುಂದೆ ಕೂತವಳಿಗೆ ಗೊತ್ತಿರುವ ಕೆಂಡ ನಮಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಅದನ್ನು ನಮ್ಮ ಸಿಟ್ಟಿನ ಗುರುತು ಮಾಡಿಕೊಂಡು ಓಡಾಡುತ್ತಿದ್ದೇವೆ. ಈ ಬರಹ ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ. ಹುಡುಕುತ್ತಾ ಹೋದರೆ ದಾರಿ ಚಿನ್ನದ ಗಣಿಯ ಚರಿತ್ರೆಗೇ ಹೋಗುತ್ತದೆ.

ಮೊದಲು ಕೆಂಡದ ಮಾತು. ಸೌದೆ ಹತ್ತಿಕೊಂಡಾಗ ಅದರೊಳಗಿನ ಆವಿ, ಅನಿಲ ಹೊರಬಂದು ಉರಿಯುತ್ತವೆ. ನಾವು ಜ್ವಾಲೆ ಅನ್ನುವುದು ಅದನ್ನೇ. ಅದು ಮುಗಿದ ಮೇಲೆ ಉಳಿಯುವ ಇದ್ದಿಲು ಗಾಳಿ ಕುಡಿದು ಕೆಂಪಗೆ ಬೇಯುತ್ತದೆ. ಅದು ಕೆಂಡ. ಕೆಂಡಕ್ಕೆ ಗಾಳಿ ಹೆಚ್ಚಾದರೆ ಬೇಗ ಬೂದಿ, ಪೂರ್ತಿ ತಪ್ಪಿದರೆ ಕರಿ. ಈ ಎರಡರ ನಡುವೆ ಅದನ್ನು ಹಿಡಿದಿಡಬೇಕು. ರಾತ್ರಿ ಊಟವಾದ ಮೇಲೆ ದಪ್ಪ ಕೆಂಡ ಆರಿಸಿ, ಒಲೆಯ ಮೂಲೆಗೆ ಒತ್ತರಿಸಿ, ಮೇಲೆ ಬೂದಿ ಎಳೆದರೆ ಬೂದಿ ಕಂಬಳಿಯ ಹಾಗೆ ಕಾವು ಹಿಡಿದಿಡುತ್ತದೆ, ಗಾಳಿಯನ್ನು ಒಂದಿಷ್ಟೇ ಬಿಡುತ್ತದೆ. ಬೆಳಗ್ಗೆ ಬೂದಿ ಸರಿಸಿ, ಮೇಲೆ ಪುಳ್ಳೆಯಿಟ್ಟು ಊದಿದರೆ ಬೆಂಕಿ ಏಳುತ್ತದೆ. ಬೆಂಕಿಕಡ್ಡಿ ಖರ್ಚಿಲ್ಲ, ಸೀಮೆಎಣ್ಣೆ ಖರ್ಚಿಲ್ಲ. ಕನ್ನಡದಲ್ಲಿ ಬೂದಿ ಮುಚ್ಚಿದ ಕೆಂಡ ಅಂದರೆ ಒಳಗೇ ಕುದಿಯುವ ಸಿಟ್ಟು ಅನ್ನುತ್ತೇವೆ. ಬೂದಿ ತಾನಾಗಿ ಮುಚ್ಚಿಕೊಂಡಿತು ಅಂತಲೇ ಆ ಗಾದೆಮಾತು ತಿಳಿದಿದೆ. ಅಜ್ಜಿಗೆ ಅದು ದಿನದ ಕೊನೆಯ ಕೆಲಸ. ಸೊಂಟ ನೋವಿದ್ದರೂ, ಬಸುರಿಯಾಗಿದ್ದರೂ ಮುಚ್ಚಲೇಬೇಕು. ಮುಚ್ಚದೆ ಮಲಗಿದರೆ ನಾಳೆ ಒಲೆ ತಣ್ಣಗೆ.

ಈಗ ಚಿನ್ನದ ಮಾತು. ಓದಿದವರಿಗೆಲ್ಲ ಗೊತ್ತಿರುವ ಚರಿತ್ರೆ ಹೀಗೆ ಶುರುವಾಗುತ್ತದೆ: 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಬ್ರಿಟಿಷ್ ಅಧಿಕಾರಿ ಊರಿಗಾಂ, ಮಾರಿಕುಪ್ಪಂ ಕಡೆ ಚಿನ್ನವಿದೆಯೆಂದು ಕೇಳಿ, ತೋರಿಸಿದವರಿಗೆ ಇನಾಮು ಅಂದ. ಹಳ್ಳಿಯವರು ಮಣ್ಣು ತಂದು ಅವನೆದುರು ತೊಳೆದು ತೋರಿಸಿದರು. ಅವನು ಬರೆದಿಟ್ಟದ್ದರಲ್ಲಿ ಇನ್ನೊಂದು ಮಾತಿದೆ. ಗುಂಡಿಯೊಳಗಿಂದ ಕಲ್ಲು ಕೈಯಿಂದ ಕೈಗೆ ದಾಟಿ ಮೇಲೆ ಬರುತ್ತಿತ್ತು, ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡುತ್ತಿದ್ದರು. ಅಂದರೆ ಕಂಪನಿ ಹುಟ್ಟುವ ಮೊದಲೇ ಇಲ್ಲಿ ಗಣಿಯಿತ್ತು, ಅದರಲ್ಲಿ ಹೆಂಗಸರ ಕೈಯಿತ್ತು. ಅದಕ್ಕೂ ಹಿಂದೆ ಹೋದರೆ, ಸಿಡಿಮದ್ದು ಇಲ್ಲದ ಕಾಲದಲ್ಲಿ ನಮ್ಮ ನಾಡಿನ ಚಿನ್ನದ ಗುಂಡಿಗಳಲ್ಲಿ ಬಂಡೆ ಒಡೆದದ್ದೇ ಸೌದೆಯ ಬೆಂಕಿಯಿಂದ. ಬಂಡೆಗೆ ಬೆಂಕಿ ಒಟ್ಟಿ ಕಾಯಿಸಿ, ನೀರು ಸುರಿದು ಬಿರುಕು ಬಿಡಿಸುವ ವಿದ್ಯೆ ಅದು. ಕೆಂಡ ಪಳಗಿಸಲು ಬರುವವರೇ ಚಿನ್ನ ತೆಗೆದವರು.

1873ರಲ್ಲಿ ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರಕ್ಕೆ ಗಣಿಯ ಪರವಾನಗಿ ಕೇಳಿ ಅರ್ಜಿ ಹಾಕಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಎದ್ದವು. ಬಂಗಾರಪೇಟೆಯ ಕಥೆಯೂ ಇದರ ಜತೆಗೇ ಇದೆ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂತು. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಹೆಸರಿನಲ್ಲಿ ನಮ್ಮೂರು ಬೌರಿಂಗ್‌ಪೇಟೆಯಾಯಿತು. ಆಮೇಲೆ ಬೌರಿಂಗ್ ಹೋಗಿ ಬಂಗಾರ ಬಂತು. ಹೆಸರಿನಲ್ಲಿ ಬಂದ ಬಂಗಾರ ಕೇರಿಗೆ ಬರಲಿಲ್ಲ. 1894ರಲ್ಲಿ ಅಲ್ಲಿಂದ ಮಾರಿಕುಪ್ಪಂಗೆ 10 ಮೈಲಿಯ ಕವಲು ಹಳಿ ಹಾಕಿದರು. ಆ ಹಳಿಯ ಮೇಲೆ ಮೇಲಕ್ಕೆ ಹೋದದ್ದು ಯಂತ್ರ, ಕಲ್ಲಿದ್ದಲು, ಮರದ ದಿಮ್ಮಿ, ಮತ್ತೆ ಜನ. ಕೆಳಕ್ಕೆ ಇಳಿದದ್ದು ಚಿನ್ನ.

ಜನ ಯಾರು? ಉತ್ತರ ಆರ್ಕಾಟು, ಚಿತ್ತೂರು ಕಡೆಯ ಬರಗಾಲದ ಹಳ್ಳಿಗಳಿಂದ ಬಂದ ಪರಯರು, ಮಾಲರು, ಮಾದಿಗರು. ಕೋಲಾರ ಸೀಮೆಯ ನಮ್ಮ ಹೊಲೆಯರು. ಊರ ಗೌಡನ ಜೀತ ತಪ್ಪಿಸಿಕೊಂಡು ನೆಲದ ಕೆಳಗಿನ ಕತ್ತಲಿಗೆ ಇಳಿದರು. ಒಂದು ಕಾಲಕ್ಕೆ 30,000ದಷ್ಟು ಜನ ಇಲ್ಲಿ ದುಡಿದರು. ಅವರಿಗಾಗಿ ಬಿದಿರು ತಟ್ಟಿಯ ಸಾಲುಗುಡಿಸಲು ಕಟ್ಟಿದರು. ಅದೇ 'ಲೈನು'. ತಟ್ಟಿಯ ಗೋಡೆ, ತಗ್ಗಿನ ಬಾಗಿಲು, ಒಳಗೆ ಮಣ್ಣಿನ ಒಲೆ. ಹೊಗೆ ಹೋಗಲು ಬಾಗಿಲೇ ದಾರಿ.

1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ವಿದ್ಯುತ್ ತಂತಿ ಎಳೆದರು. 148 ಕಿಲೋಮೀಟರ್ ದೂರ. ಆ ಕಾಲಕ್ಕೆ ಪ್ರಪಂಚದ ಬಲು ಉದ್ದದ ತಂತಿಗಳಲ್ಲಿ ಅದೂ ಒಂದು ಅಂತ ನಮ್ಮ ಪಠ್ಯಪುಸ್ತಕ ಹೆಮ್ಮೆಯಿಂದ ಹೇಳುತ್ತದೆ. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಅಲ್ಲಿವರೆಗೆ ಗಣಿಯ ಹಬೆಯಂತ್ರಗಳು ಸೌದೆ, ಕಲ್ಲಿದ್ದಲು ತಿಂದು ನಡೆಯುತ್ತಿದ್ದವು. ಸುತ್ತಲ ಕಾಡಿನ ಮರ ಬಾಯ್ಲರಿನ ಬಾಯಿಗೆ ಹೋಯಿತು. ಕರೆಂಟು ಬಂದ ಮೇಲೆ ಬಾಯ್ಲರು ಸೌದೆ ಬಿಟ್ಟಿತು. ಬಾಯ್ಲರಿನ ಪಕ್ಕದ ಲೈನಿನಲ್ಲಿ ಒಲೆ ಸೌದೆ ಬಿಡಲಿಲ್ಲ. ಗಣಿಗೆ ಹೊಸ ಶಕ್ತಿ ಬಂದ ದಿನವೂ ಅಡುಗೆಗೆ ಹಳೆಯ ಶಕ್ತಿಯೇ: ಹೆಂಗಸಿನ ಉಸಿರು.

ಅಜ್ಜಿ ಈ ಲೈನಿಗೆ ಮದುವೆಯಾಗಿ ಬಂದದ್ದು 1970ರ ಸುಮಾರಿಗೆ. ಹೊತ್ತಿಗೆ ಇಲ್ಲಿ ಗಡಿಯಾರ ಬೇಡ. ಗಣಿಯ ಸೈರನ್ನಿಗೆ ಲೈನಿನಲ್ಲಿ 'ಸಂಗು' ಅನ್ನುತ್ತಾರೆ, ಶಂಖ ಅಂತ. "ಸಂಗು ಊದ್ತು" ಅಂದರೆ ಶಿಫ್ಟು ಬದಲಾಯಿತು ಅಂತ. ಮೂರು ಶಿಫ್ಟು. ಗಂಡ ಒಂದು ಶಿಫ್ಟು, ಮೈದುನ ಇನ್ನೊಂದು, ಮಾವ ಮತ್ತೊಂದು ಆದರೆ ಒಲೆಗೆ ಮೂರೂ ಶಿಫ್ಟು. ಮೇಲೆ ಬಂದವನಿಗೆ ಮೈ ತೊಳೆಯಲು ಬಿಸಿನೀರು, ಇಳಿಯುವವನಿಗೆ ಹಿಟ್ಟು. "ಸಂಗು ಊದಿದ್ರೆ ನಾನೂ ಊದ್ಬೇಕಿತ್ತು" ಅಂತಾಳೆ ಅಜ್ಜಿ. ಇದು ಬರೀ ಮಾತಿನ ಚಮತ್ಕಾರ ಅಲ್ಲ. ಗಣಿಯ ಶಿಫ್ಟು ತಪ್ಪದೆ ನಡೆಯಬೇಕಾದರೆ ಒಲೆಯ ಕೆಂಡ ತಪ್ಪದೆ ಇರಬೇಕಿತ್ತು. ಗಣಿಯ ಲೆಕ್ಕದಲ್ಲಿ ಕೂಲಿ ಬರೆದದ್ದು ಇಳಿದವನಿಗೆ. ಇಳಿಯುವ ಹಾಗೆ ಅವನನ್ನು ದಿನಾ ತಯಾರು ಮಾಡಿದವಳ ಕೆಲಸ ಯಾವ ಪುಸ್ತಕದಲ್ಲೂ ಏರಲಿಲ್ಲ. ಕೂಲಿ ಅಷ್ಟು ಅಗ್ಗವಾಗಿ ಸಿಕ್ಕಿದ್ದು ಹೀಗೆ. ಬಿಸಿನೀರಿಗೆ, ಹಿಟ್ಟಿಗೆ, ಕಾದ ಕೆಂಡಕ್ಕೆ ಗಣಿ ಕಾಸು ಕೊಟ್ಟಿದ್ದರೆ ಚಿನ್ನದ ಲಾಭ ಎಷ್ಟು ಉಳಿಯುತ್ತಿತ್ತು?

ಈ ಕೆಲಸಕ್ಕೆ ಹತಾರ ಬೇಡವೇ? ಗಣಿಯಲ್ಲಿ ಉಳಿ, ಸುತ್ತಿಗೆ, ಡ್ರಿಲ್ಲು ಕಂಪನಿಯದು. ಒಲೆಯ ಹತಾರ ಯಾರೂ ಕೊಡಲಿಲ್ಲ. ಹೆಂಗಸರೇ ಮಾಡಿಕೊಂಡರು. ಅಂಗಡಿಯಲ್ಲಿ ಕೊಂಡದ್ದು ಕಡಿಮೆ, ಬಿಸಾಕಿದ್ದನ್ನು ಬಗ್ಗಿಸಿ, ಬಡಿದು, ಸುತ್ತಿ ಮಾಡಿದ್ದು ಹೆಚ್ಚು. ಅಜ್ಜಿಯ ಒಲೆ ಪಕ್ಕ ಇವತ್ತಿಗೂ ಇರುವವನ್ನು ನಾವು ಒಂದೊಂದಾಗಿ ಎತ್ತಿ ನೋಡಿದೆವು.

ಮೊದಲನೆಯದು ಊದುಗೊಳವೆ. ಹಳ್ಳಿಯಲ್ಲಿ ಬಿದಿರಿನದು. ಬಿದಿರಿನ ತುದಿ ಬೆಂಕಿಗೆ ಸುಟ್ಟು ಸುಟ್ಟು ದಿನದಿನಕ್ಕೆ ಮೊಟಕಾಗುತ್ತದೆ, ಊದುವವಳ ಮುಖ ದಿನದಿನಕ್ಕೆ ಬೆಂಕಿಗೆ ಹತ್ತಿರವಾಗುತ್ತದೆ. ಅಜ್ಜಿಯದು ಕಬ್ಬಿಣದ ಪೈಪು, ಒಂದು ಮೊಳದ ಮೇಲೆ ನಾಲ್ಕು ಬೆರಳು. ಆಂಡರ್ಸನ್‌ಪೇಟೆಯ ಗುಜರಿಯಲ್ಲಿ ತಂದದ್ದು. ಕಲ್ಲಿನ ಮೇಲಿಟ್ಟು ಒಂದು ತುದಿ ಬಡಿದು ಕಿರಿದು ಮಾಡಿದ್ದಾಳೆ. ಬಾಯಿ ಕಿರಿದಾದಷ್ಟೂ ಗಾಳಿ ಜೋರಾಗಿ, ಇಟ್ಟ ಜಾಗಕ್ಕೇ ಹೋಗುತ್ತದೆ. ಬೂದಿ ಎಲ್ಲ ಕಡೆ ಹಾರದೆ ಕೆಂಡ ಮಾತ್ರ ಏಳುತ್ತದೆ. ತುಟಿ ಸುಡದಂತೆ ಇನ್ನೊಂದು ತುದಿಗೆ ಹಳೆ ಸೀರೆಯ ಅಂಚು ಸುತ್ತಿದ್ದಾಳೆ. ಎಷ್ಟು ಸುತ್ತಿದ್ದಾಳೋ, ಬಿಚ್ಚಿದರೆ ಐವತ್ತು ವರ್ಷದ ಸೀರೆಗಳು ಸಿಗುತ್ತವೆ.

ಎರಡನೆಯದು ಕೆದಕೋ ಕಡ್ಡಿ. ಹಳ್ಳಿಯಲ್ಲಿ ಹಸಿ ಕೋಲು ಸಾಕು. ಇಲ್ಲಿ ಮುರಿದ ಬಕೆಟ್ಟಿನ ಹಿಡಿ. ನೆಟ್ಟಗೆ ಮಾಡಿ, ತುದಿಯನ್ನು ಮಾತ್ರ ಬಾಗಿಸಿಟ್ಟರೆ ಕೆಂಡವನ್ನು ಪಾತ್ರೆಯ ಕೆಳಕ್ಕೆ ತಳ್ಳಬಹುದು, ಬೇಕಾದಾಗ ಒಲೆಬಾಯಿಗೆ ಎಳೆಯಬಹುದು. ಎಳೆದ ಕೆಂಡದಲ್ಲಿ ಒಣಮೀನು, ಗೆಣಸು, ಬದನೆಕಾಯಿ ಸುಡುವುದು. ಒಂದೇ ಸೌದೆಯಲ್ಲಿ ಮೇಲೆ ಹಿಟ್ಟು, ಕೆಳಗೆ ನೆಂಚಿಕೊಳ್ಳೋದು ಎರಡೂ ಆಗಬೇಕು. ಮೂರನೆಯದು ಇಕ್ಕಳ. ಸಾಮಾನಿನ ಪೆಟ್ಟಿಗೆಗೆ ಬಿಗಿದು ಬರುವ ಕಬ್ಬಿಣದ ಪಟ್ಟಿಯನ್ನು ನಡುವೆ ಮಡಿಸಿದ್ದು. ಪಟ್ಟಿಗೆ ತನ್ನದೇ ಬಿಗಿ ಇರುವುದರಿಂದ ಒತ್ತಿದರೆ ಹಿಡಿಯುತ್ತದೆ, ಬಿಟ್ಟರೆ ತಾನೇ ತೆರೆಯುತ್ತದೆ. ನಾಲ್ಕನೆಯದು ಹಾಲಿನ ಪುಡಿ ಡಬ್ಬವನ್ನು ಓರೆಯಾಗಿ ಕತ್ತರಿಸಿ ಕೋಲಿಗೆ ಮೊಳೆ ಹೊಡೆದ ಬೂದಿ ಸೌಟು. ಐದನೆಯದು ಬೀಸುವ ರಟ್ಟು. ಆ ರಟ್ಟು ನೋಡಿ ನಮ್ಮಲ್ಲೊಬ್ಬ ಸುಮ್ಮನಾದ. ಅದು ಅವನ ಏಳನೇ ಕ್ಲಾಸಿನ ಸಮಾಜ ಪುಸ್ತಕದ ಹೊದಿಕೆ. ಚರಿತ್ರೆಯ ಪುಸ್ತಕ ಒಲೆಗೆ ಗಾಳಿ ಹಾಕಿತ್ತು. ಒಲೆ ಚರಿತ್ರೆಯ ಪುಸ್ತಕದೊಳಗೆ ಬಂದಿರಲಿಲ್ಲ.

ಇನ್ನೊಂದಿದೆ, ಅದು ಹತಾರ ಅಂತ ಕಾಣೋದೇ ಇಲ್ಲ: ಒಡೆದ ಮಡಕೆಯ ಬೋಕಿ. ಕೆಂಡ ಒಯ್ಯುವುದಕ್ಕೆ. ಅಜ್ಜಿ ಹುಟ್ಟಿದ್ದು ಬಂಗಾರಪೇಟೆ ತಾಲೂಕಿನ ಒಂದು ಹಳ್ಳಿಯ ಹೊಲಗೇರಿಯಲ್ಲಿ. ಮಳೆಗಾಲದಲ್ಲಿ ಕೇರಿಯ ಒಲೆಗಳೆಲ್ಲ ನಂದಿದರೆ ಊರೊಳಕ್ಕೆ ಕೆಂಡ ಕೇಳಲು ಹೋಗಬೇಕು. ಬೋಕಿಯಲ್ಲಿ ಬೂದಿ ಹರಡಿಕೊಂಡು, ಹಿತ್ತಲ ಬೇಲಿಯಾಚೆ ನಿಂತು ಕೂಗಬೇಕು. ಒಳಗಿನವರು ಇಕ್ಕಳದಲ್ಲಿ ಕೆಂಡ ತಂದು ಮೇಲಿಂದ ಬೀಳಿಸುವರು. ಇಕ್ಕಳ ಬೋಕಿಗೆ ತಾಗಬಾರದು. ಬೋಕಿ ತಪ್ಪಿ ಕೈಮೇಲೆ ಬಿದ್ದರೂ ಕೂಗಬಾರದು. ಬೆಂಕಿ ಎಲ್ಲವನ್ನೂ ಶುದ್ಧ ಮಾಡುತ್ತದೆ ಅಂತ ಹೋಮ ಮಾಡುವ ಧರ್ಮಕ್ಕೆ, ಅದೇ ಬೆಂಕಿ ಹೊಲತಿಯ ಬೋಕಿ ಮುಟ್ಟಿದರೆ ಇಕ್ಕಳ ಮೈಲಿಗೆ. ಅಜ್ಜಿಯ ಎಡಗೈ ಮಣಿಕಟ್ಟಿನ ಹತ್ತಿರ ಕಾಳಿನಷ್ಟು ಒಂದು ಬಿಳಿ ಕಲೆ ಇದೆ. ಅದೇನು ಅಂತ ನಾವು ಕೇಳಿದ್ದು ಇದೇ ಮೊದಲು.

ಲೈನಿಗೆ ಬಂದ ಮೇಲೆ ಕೆಂಡ ಇಸ್ಕೊಳ್ಳೋದು ಬೇರೆ ಥರ ಆಯಿತು. ಪಕ್ಕದ ಮನೆಯ ತಮಿಳು ಮುದುಕಿ, ಅವಳನ್ನು ಎಲ್ಲರೂ 'ಆಯಾ' ಅನ್ನುತ್ತಿದ್ದರು, ಮೊದಲ ದಿನವೇ ಬೋಕಿ ಕೈಲಿ ಹಿಡಿದು ಬಾಗಿಲಲ್ಲಿ ನಿಂತ ಹೊಸ ಸೊಸೆಯನ್ನು ನೋಡಿ, "ಅಲ್ಲೇ ಯಾಕೆ ನಿಂತೆ, ಉಳ್ಳೆ ವಾ" ಅಂದಳಂತೆ. ಒಳಗೆ ಕರೆದು, ತನ್ನ ಒಲೆಯಿಂದ ತಾನೇ ಎತ್ತಿಕೋ ಅಂತ ಇಕ್ಕಳ ಕೈಗೆ ಕೊಟ್ಟಳಂತೆ. ಅಜ್ಜಿ ಇದನ್ನು ಹೇಳುವಾಗ ದನಿ ಬದಲಾಗುತ್ತದೆ. ಇದರಿಂದ ಲೈನಿನಲ್ಲಿ ಜಾತಿ ಇರಲಿಲ್ಲ ಅಂತ ನಾವು ಸುಳ್ಳು ಹೇಳಬಾರದು. ಇತ್ತು. ಪರಯ, ಮಾಲ, ಮಾದಿಗ, ಹೊಲೆಯ ಅಂತ ನಮ್ಮ ನಮ್ಮಲ್ಲೇ ಸಾಲು ಸಾಲು ಬೇರೆಯಾಗಿತ್ತು, ಮದುವೆಯ ಮಾತು ಬಂದರೆ ಇವತ್ತಿಗೂ ಇದೆ. ಆದರೆ ಕೆಂಡ ಆ ಗೆರೆ ದಾಟಿತು. ಆಯಾ ಅದನ್ನು 'ಊದಾಂಗುಳಲ್' ಅಂದಳು, ಎದುರು ಮನೆಯ ತೆಲುಗಿನ ಅತ್ತೆ 'ಊದುಗೊಟ್ಟಂ' ಅಂದಳು, ನಮ್ಮಜ್ಜಿ 'ಊದ್ಗೊಳವೆ' ಅಂದಳು. ಮೂರು ಭಾಷೆಗೂ ಊದುವ ಕ್ರಿಯಾಪದ ಒಂದೇ. ಭಾಷೆಯ ಹೆಸರಲ್ಲಿ ನಮ್ಮ ಕೇರಿಗಳನ್ನು ಒಡೆಯಲು ಬರುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ನಮಗೆ ಗೊತ್ತಿಲ್ಲ.

ಬಂಗಾರಪೇಟೆಯ ಒಲೆಗಳದು ಇನ್ನೊಂದು ಕಥೆ. ಜಂಕ್ಷನ್ ಊರು. 1913ರಲ್ಲಿ ಕೋಲಾರಕ್ಕೆ ಸಣ್ಣ ಹಳಿಯ ರೈಲೂ ಇಲ್ಲಿಂದ ಹೊರಟಿತು. ಹಬೆ ಎಂಜಿನ್ನಿನ ಕಾಲದಲ್ಲಿ ಯಾರ್ಡಿನಲ್ಲಿ ಸುರಿದ ಬೂದಿಯೊಳಗೆ ಅರ್ಧ ಬೆಂದ ಕಲ್ಲಿದ್ದಲು ಸಿಗುತ್ತಿತ್ತು. ಕೇರಿಯ ಹೆಂಗಸರು, ಮಕ್ಕಳು ಮೊರ, ಬುಟ್ಟಿ ಹಿಡಿದು ಅದನ್ನು ಆಯುತ್ತಿದ್ದರು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಮಣ್ಣಿನ ಒಲೆಯಲ್ಲಿ ಕಲ್ಲಿದ್ದಲು ಉರಿಯದು. ಸೌದೆಗೆ ಮುಂದಿನಿಂದ ಗಾಳಿ ಸಾಕು, ಕಲ್ಲಿದ್ದಲಿಗೆ ಅಡಿಯಿಂದ ಗಾಳಿ ಬೇಕು. ಇದನ್ನು ಅವರಿಗೆ ಯಾವ ಮೇಷ್ಟ್ರು ಹೇಳಿಕೊಟ್ಟರು? ತೂತಾದ ಬಕೆಟ್ಟಿಗೆ ನಡುವೆ ಕಂಬಿ ಹಾಯಿಸಿ ಜಾಲರಿ ಮಾಡಿ, ಕೆಳಗೆ ಬಾಯಿ ಕೊರೆದು, ಒಳಗೆ ಮಣ್ಣು ಮೆತ್ತಿ ಅಗ್ಗಿಷ್ಟಿಕೆ ಮಾಡಿಕೊಂಡರು. ನೆಲದ ಮೇಲೆ ಎಂಜಿನ್ನಿನ ಬೆಂಕಿಗೂಡಿನ ನಮೂನೆಯೇ ಅದು. ಓದು ಬರಹ ಬಾರದವರು ಅಂತ ನಾವು ಯಾರನ್ನು ಕರೆಯುತ್ತೇವೋ ಅವರು ಗಾಳಿಯನ್ನು ಓದಿದ್ದರು.

ಈಗ ಎದೆಯ ಮಾತು. ಗಣಿಯ ಡ್ರಿಲ್ಲು ನಡೆಯುತ್ತಿದ್ದದ್ದು ಒತ್ತಿದ ಗಾಳಿಯಿಂದ. ಕಬ್ಬಿಣದ ಪೈಪಿನಲ್ಲಿ ಮೈಲಿಗಟ್ಟಲೆ ಕೆಳಗೆ ಹೋದ ಗಾಳಿ ಉಳಿಯನ್ನು ಬಂಡೆಗೆ ಬಡಿಯುತ್ತಿತ್ತು. ಬಂಡೆಯಿಂದ ಎದ್ದ ಸಣ್ಣ ದೂಳು ಗಂಡಸರ ಎದೆಗೆ ಇಳಿಯುತ್ತಿತ್ತು. 1940ರಿಂದ 1946ರವರೆಗೆ ಕೋಲಾರದ ಗಣಿಗಳಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43.7ರಷ್ಟು ಮಂದಿಗೆ ಸಿಲಿಕೋಸಿಸ್ ಇತ್ತು. ಈ ಅಂಕಿಯನ್ನು ನಾವು ಮರೆಯಬಾರದು. ಅದರ ಪಕ್ಕದಲ್ಲಿ ಇನ್ನೊಂದು ಖಾಲಿ ಜಾಗ ಇದೆ, ಅದನ್ನೂ ಮರೆಯಬಾರದು. ಆ ಪರೀಕ್ಷೆ ನೋಡಿದ್ದು ಕಾರ್ಮಿಕರ ಎದೆಯನ್ನು. ಕೆಳಗೆ ಒಂದು ಪೈಪಿನ ಗಾಳಿ ಗಂಡನ ಎದೆಗೆ ದೂಳು ತುಂಬಿತು, ಮೇಲೆ ಇನ್ನೊಂದು ಪೈಪಿನಲ್ಲಿ ಹೆಂಡತಿ ತನ್ನ ಎದೆಯ ಗಾಳಿ ಖಾಲಿ ಮಾಡಿ ಪ್ರತಿ ಉಸಿರಿಗೂ ಹೊಗೆ ವಾಪಸು ಎಳೆದುಕೊಂಡಳು. ಒಲೆಯ ಹೊಗೆಯೂ ಶ್ವಾಸಕೋಶ ತಿನ್ನುತ್ತದೆ, ಕಣ್ಣು ಕೆಡಿಸುತ್ತದೆ ಅಂತ ಇವತ್ತು ವಿಜ್ಞಾನ ಒಪ್ಪಿದೆ. ರಾತ್ರಿ ಲೈನಿನಲ್ಲಿ ಗಂಡನ ಕೆಮ್ಮು ಗಣಿಯದು, ಹೆಂಡತಿಯ ಕೆಮ್ಮು ಒಲೆಯದು. ಒಂದಕ್ಕೆ ಪರಿಹಾರದ ಕಾನೂನು ಬಂತು. ಇನ್ನೊಂದು 'ವಯಸ್ಸಾಯ್ತಲ್ಲ' ಅನ್ನುವ ಮಾತಿನಲ್ಲಿ ಮುಗಿಯಿತು.

ಸೌದೆಯ ಚರಿತ್ರೆಯಲ್ಲಿ ಇನ್ನೊಂದು ಮೋಸ ಇದೆ. ಸಾಮಾಜಿಕ ಅರಣ್ಯದ ಹೆಸರಲ್ಲಿ ಕೋಲಾರ ಜಿಲ್ಲೆಯ ತುಂಬ ನೀಲಗಿರಿ ನೆಟ್ಟರು. ಬಡವರಿಗೆ ಸೌದೆ ಸಿಗುತ್ತದೆ ಅಂದರು. 1981ರಲ್ಲಿ ವಂದನಾ ಶಿವ, ಶರತ್‌ಚಂದ್ರ, ಬಂದ್ಯೋಪಾಧ್ಯಾಯ ಅವರು ಕೋಲಾರದ ಬಗ್ಗೆಯೇ ಅಧ್ಯಯನ ಮಾಡಿ, ರಾಗಿ ಬೆಳೆಯುತ್ತಿದ್ದ ಹೊಲ ನೀಲಗಿರಿಯಾಗುತ್ತಿದೆ, ಮರ ಕಾರ್ಖಾನೆಗೆ ಹೋಗುತ್ತಿದೆ ಎಂದು ತೋರಿಸಿದರು. ರಾಗಿಯ ಜತೆ ಕೂಲಿಯೂ ಹೋಯಿತು. ಒಲೆಗೆ ಉಳಿದದ್ದು ಉದುರಿದ ಎಲೆ, ಸುಲಿದ ತೊಗಟೆ. ನೀಲಗಿರಿ ಎಲೆಯನ್ನು ಅಜ್ಜಿ ಬೈಯುವುದು ಕೇಳಬೇಕು: "ಭಗ್ಗಂತ ಉರೀತದೆ, ಕೆಂಡ ಬಿಡಲ್ಲ. ಹುಣಸೆ ಆದ್ರೆ ಬೆಳಗಿನ ತನಕ ಇರ್ತದೆ. ಇದಕ್ಕೆ ಕೂತು ತುಂಬ್ತಾನೇ ಇರ್ಬೇಕು." ಹೊಸ ನೀಲಗಿರಿ ನೆಡಬಾರದು ಅಂತ ಸರ್ಕಾರ ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ಎಷ್ಟು ಉಸಿರು ಹೋಯಿತು, ಅದಕ್ಕೆ ಲೆಕ್ಕ ಇಟ್ಟವರಿಲ್ಲ.

ಒಲೆ ಸುಧಾರಿಸಲು ಯಾರೂ ಯೋಚಿಸಲಿಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಹೊಗೆಕೊಳವೆಯ, ಕಬ್ಬಿಣದ ಜಾಲರಿಯ 'ಅಸ್ತ್ರ ಒಲೆ' ಮಾಡಿದರು. ಸೌದೆ ಕಡಿಮೆ, ಹೊಗೆ ಹೊರಗೆ. ಒಳ್ಳೆಯ ಕೆಲಸ. 2016ರಲ್ಲಿ ಉಜ್ವಲ ಯೋಜನೆಯಡಿ ಗ್ಯಾಸು ಬಂತು. ಅಜ್ಜಿಯ ಮನೆಯಲ್ಲೂ ಸಿಲಿಂಡರ್ ಇದೆ. ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದಾಳೆ. ಟೀಗೆ, ನೆಂಟರು ಬಂದರೆ, ಜ್ವರ ಬಂದರೆ ಗ್ಯಾಸು. ನೀರು ಕಾಯಿಸಲು, ಹಿಟ್ಟು ಮಾಡಲು ಒಲೆ. ಯಾಕೆ ಅಂದರೆ ತುಂಬಿಸಲು ದುಡ್ಡು ಬೇಕು. ಬಡತನವನ್ನು ರುಚಿ ಅಂತ ಹೇಳಿ ಮುಚ್ಚುವ ಚಟ ಪೇಟೆಯವರಿಗಿದೆ: ಸೌದೆ ಒಲೆಯ ಹಿಟ್ಟೇ ರುಚಿ, ಅಜ್ಜಿಯ ಕಾಲವೇ ಚೆಂದ ಅಂತ ಹೋಟೆಲಿನಲ್ಲಿ ಕೂತು ಹೇಳುತ್ತಾರೆ. ಗೆಳೆಯರೆ, ನಾವು ಆ ಹಾಡು ಹಾಡಬಾರದು. ನಮ್ಮ ಅಜ್ಜಿಯ ಜಾಣತನಕ್ಕೆ ತಲೆಬಾಗೋಣ. ಆ ಜಾಣತನ ಬೇಕಾಗಿ ಬಂದ ಸ್ಥಿತಿಗೆ ಅಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಿಂದ ಭಾರತ್ ಗೋಲ್ಡ್ ಮೈನ್ಸ್, ಹೀಗೆ ಕೈ ಬದಲಾಗಿ ಕೊನೆಗೆ ಬಾಗಿಲು. ಸುಮಾರು 800 ಟನ್ ಚಿನ್ನ ಕೊಟ್ಟ ನೆಲದಲ್ಲಿ ಉಳಿದದ್ದು ಸೈನೈಡ್ ದಿಬ್ಬ. ಸಂಗು ಊದುವುದು ನಿಂತಿತು. ಒಲೆ ಊದುವುದು ನಿಲ್ಲಲಿಲ್ಲ. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲು ತುಂಬ ಈಗ ಬೆಂಗಳೂರಿಗೆ ಕೂಲಿಗೆ, ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ ಹೋಗುವ ಲೈನಿನ ಜನ. ಆ ರೈಲು ಹಿಡಿಯಲು ಮೂರು ಗಂಟೆಗೇ ಬೂದಿ ಸರಿಸಿ ಕೆಂಡ ಎಬ್ಬಿಸುವವಳು ಈಗ ಸೊಸೆ. ಶಿಫ್ಟು ಬೇರೆ, ಕೆಲಸ ಅದೇ. ಊರಾಚೆಗಿನವರಿಗೆ ಕೆಜಿಎಫ್ ಅಂದರೆ 2018ರಲ್ಲಿ ಬಂದ ಸಿನಿಮಾ. ಬಂದೂಕು, ದೂಳು, ಒಬ್ಬ ಗಂಡಸು.

1930ರಲ್ಲಿ ಇಲ್ಲಿನ ಕಾರ್ಮಿಕರು ಮೂರು ವಾರ ಮುಷ್ಕರ ಹೂಡಿದರು. ಕಂಪನಿ ಪ್ರತಿಯೊಬ್ಬನ ಬೆರಳಚ್ಚು ತೆಗೆದು ದಾಖಲೆ ಮಾಡಲು ಹೊರಟಾಗ, ನಾವು ಕಳ್ಳರಲ್ಲ ಅಂತ ಎದ್ದು ನಿಂತರು. ಆ ಹೋರಾಟ ನಮ್ಮ ಹೆಮ್ಮೆ. ಅಜ್ಜಿಯ ಇಕ್ಕಳ ಕೈಲಿ ಹಿಡಿದಾಗ ನಮಗೆ ಅದೇ ನೆನಪಾಯಿತು. ಮಸಿ ಹಿಡಿದ ಆ ಪಟ್ಟಿಯ ಮೇಲೆ ಹೆಬ್ಬೆರಳು ಕೂರುವ ಜಾಗ ಮಾತ್ರ ಸವೆದು ಹೊಳೆಯುತ್ತಿದೆ. ಯಾರೂ ಕೇಳದೆ, ಯಾರೂ ಬಲವಂತ ಮಾಡದೆ ಬಿದ್ದ ಬೆರಳಚ್ಚು ಅದು. ಅವಳಿಗಿಂತ ಮೊದಲು ಅತ್ತೆಯದು, ಈಗ ಸೊಸೆಯದು. ಈ ದಾಖಲೆಯನ್ನು ಯಾವ ಕಚೇರಿಯೂ ಇಟ್ಟಿಲ್ಲ.

ಇಡಬೇಕಾದವರು ನಾವು. ಈ ಪತ್ರಿಕೆ ಓದುವ ಹಳ್ಳಿ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಕೋರಿಕೆ. ಒಂದು ಪೀರಿಯಡ್ಡು ಸಾಕು. ನಿಮ್ಮ ಮಕ್ಕಳಿಗೆ ಹೇಳಿ: ಮನೆಯ ಒಲೆ ಪಕ್ಕ ಇರುವ ಹತಾರಗಳ ಚಿತ್ರ ಬರೆದು ತನ್ನಿ. ಅಮ್ಮ ಅದಕ್ಕೆ ಏನಂತಾಳೆ ಅಂತ, ಅವಳು ಕರೆಯುವ ಹಾಗೇ, ತಮಿಳೋ ತೆಲುಗೋ ಕನ್ನಡವೋ ಉರ್ದುವೋ, ಕನ್ನಡ ಅಕ್ಷರದಲ್ಲಿ ಬರೆಯಿರಿ. ಮುಂಚೆ ಅದು ಏನಾಗಿತ್ತು, ಯಾರು ಮಾಡಿದರು, ಎಷ್ಟು ವರ್ಷವಾಯಿತು ಕೇಳಿ. ನಮ್ಮಲ್ಲೊಬ್ಬನಿಗೆ ಪ್ರೈಮರಿಯಲ್ಲಿ, ಮೈಯೆಲ್ಲ ಹೊಗೆ ವಾಸನೆ ಅಂತ ಕೊನೆ ಬೆಂಚಿಗೆ ಕಳಿಸಿದ ನೆನಪಿದೆ. ಅದೇ ಹೊಗೆಯ ಮನೆಯ ಮಗು ಎದ್ದು ನಿಂತು, 'ಇದು ಬಕೆಟ್ಟಿನ ಹಿಡಿ, ನಮ್ಮಮ್ಮ ಬಗ್ಗಿಸಿದ್ದು' ಅಂತ ಹೇಳುವ ದಿನ ಅದಕ್ಕೆ ಚರಿತ್ರೆ ಅಂದರೆ ಏನು ಅಂತ ಗೊತ್ತಾಗುತ್ತದೆ. ಸಂಘಟನೆಯ ಗೆಳೆಯರಿಗೂ ಒಂದು ಮಾತು. ನಮ್ಮ ಸಭೆಗಳಿಗೆ ಅನ್ನ ಬೇಯಿಸಿದವರು ಒಲೆ ಮುಂದೆ ಇದ್ದುದರಿಂದ ಭಾಷಣ ಕೇಳಲಾಗಲಿಲ್ಲ. ಮುಂದಿನ ಸಭೆಯಲ್ಲಿ ಊದುಗೊಳವೆ ನಮ್ಮ ಕೈಗೂ ಬರಲಿ. ಊದಿ ನೋಡೋಣ. ಎರಡು ನಿಮಿಷಕ್ಕೆ ಕಣ್ಣಲ್ಲಿ ನೀರು ಬರುತ್ತದೆ, ನಮಗೆ ಬಂತು.

ಹೋದ ತಿಂಗಳು ಗುಜರಿಯವನು ಲೈನಿಗೆ ಬಂದಿದ್ದ. ಪೈಪು ಕಂಡು ತಕ್ಕಡಿ ಎತ್ತಿದ. "ಹಳೇ ಕಾಲದ ಕಬ್ಬಿಣ ಅಜ್ಜಿ, ಒಳ್ಳೆ ತೂಕ ಬರ್ತದೆ" ಅಂದ. ಅಜ್ಜಿ ಪೈಪು ಇಸ್ಕೊಂಡು ಒಳಗಿಟ್ಟು ಬಂದಳು. ಮಾರಲ್ಲ ಅನ್ನಲಿಲ್ಲ, ಯಾಕೆ ಅಂತಲೂ ಹೇಳಲಿಲ್ಲ. ಆವತ್ತು ರಾತ್ರಿ ನಾವು ಅಲ್ಲೇ ಉಳಿದೆವು. ಊಟವಾದ ಮೇಲೆ ಅವಳು ಬಕೆಟ್ಟಿನ ಹಿಡಿ ಕೈಗೆ ಕೊಟ್ಟು, "ಇವತ್ತು ನೀವೇ ಮುಚ್ಚಿ" ಅಂದಳು. ಮುಚ್ಚಿದೆವು. ಬೆಳಗ್ಗೆ ನೋಡಿದರೆ ಎಲ್ಲ ಕರಿ. ಬೂದಿ ಹೆಚ್ಚಾಗಿತ್ತಂತೆ. ಅಜ್ಜಿ ಬೋಕಿ ತಗೊಂಡು ಪಕ್ಕದ ಮನೆಗೆ ಹೋದಳು.